ಒಂದೇ ಸಲ ಕೇಳುವ ಕಿವಿ

ಬೆಳಗಿನ ಐದೂವರೆ. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಒಂದು ಕಾಲಕ್ಕೆ ಸ್ಟೋರ್ ರೂಮಾಗಿದ್ದ ಕೋಣೆ. ಗೋಡೆಗೆಲ್ಲ ಹಳೆಯ ಹತ್ತಿ ಹಾಸಿಗೆ ಬಿಗಿದಿದ್ದಾರೆ, ಕಿಟಕಿಗೆ ದಪ್ಪ ಕಂಬಳಿ. ಒಳಗೊಂದು ಮೇಜು, ಒಂದು ಕುರ್ಚಿ, ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತ ಒಬ್ಬ ಹೆಂಗಸು. ಬಾಗಿಲ ಸಂದಿಯಿಂದ ಇಣುಕಿದವರು ನಿದ್ದೆ ಹೊಡೆಯುತ್ತಿದ್ದಾರೆ ಎಂದುಕೊಂಡರೆ ತಪ್ಪಿಲ್ಲ. ಕಿವಿಯಲ್ಲಿ ಎರಡು ಪುಟ್ಟ ಕರಿ ಗುಂಡಿ, ಎದೆಯ ಮೇಲೆ ಇಳಿಬಿದ್ದ ತೆಳು ವೈರು, ಕೈಯಲ್ಲಿ ಪೆನ್ಸಿಲ್ಲು. ಇದ್ದಕ್ಕಿದ್ದಂತೆ ಕಣ್ಣು ಬಿಡುತ್ತಾರೆ, ಎಡಗಿವಿಯದನ್ನು ಕಿತ್ತು ಮೂತಿ ಸೊಟ್ಟ ಮಾಡುತ್ತಾರೆ. ಆ ಜೋಡಿ ಕೆಂಪು ಬುಟ್ಟಿಗೆ ಬೀಳುತ್ತದೆ.

"ಇದಕ್ಕೆ ನೆಗಡಿ ಆಗಿದೆ. ಮೂಗಲ್ಲಿ ಮಾತಾಡ್ತಿದೆ ಪಾಪ," ಎಂದು ಮುಂದಿನದಕ್ಕೆ ಕೈ ಹಾಕುತ್ತಾರೆ.

ಅಗ್ಗದ ವೈರ್ ಇಯರ್‌ಫೋನ್ ಜೋಡಿಸುವ ಈ ಕಾರ್ಖಾನೆಯಲ್ಲಿ ಮೂವತ್ತೆರಡು ಜನ ಕೆಲಸ ಮಾಡುತ್ತಾರೆ. ಬಸ್ ನಿಲ್ದಾಣದಲ್ಲಿ, ಮೊಬೈಲ್ ಅಂಗಡಿಯ ಬಾಗಿಲಲ್ಲಿ ಗೊಂಚಲು ಗೊಂಚಲಾಗಿ ನೇತಾಡುವ, ಕೊಂಡವರು ತಿಂಗಳೊಪ್ಪತ್ತಿಗೆ ಕಳೆದುಕೊಳ್ಳುವ ಮಾಲು ಅದು. ಅದನ್ನೂ ಒಬ್ಬರು ಕೂತು ಕೇಳಿ ಕಳಿಸುತ್ತಾರೆ ಎಂದರೆ ಕೊಳ್ಳುವವರು ನಕ್ಕಾರು. ಹಾಗೆ ಕೇಳುವವರಿಗೆ ವಯಸ್ಸು ನಲವತ್ತನಾಲ್ಕು, ಇಡೀ ಕಾರ್ಖಾನೆಗೆ ಅವರು 'ಕಿವಿ ಅಕ್ಕ'. ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು.

ಏಳು ಗಂಟೆಗೆ ಯಂತ್ರಗಳು ಶುರುವಾಗುತ್ತವೆ, ಕೆಳಗೆ ಟೈರಿನವರು ಸುತ್ತಿಗೆ ಎತ್ತುತ್ತಾರೆ. ಅದಕ್ಕೆ ಮೊದಲು ಸಿಗುವ ಒಂದೂವರೆ ಗಂಟೆಯ ನಿಶ್ಶಬ್ದವೇ ಅಕ್ಕನ ಬಂಡವಾಳ. ಅಷ್ಟರಲ್ಲಿ ಹಿಂದಿನ ದಿನದ ಮಾಲಿನಿಂದ ಅಲ್ಲೊಂದು ಇಲ್ಲೊಂದು ಹೆಕ್ಕಿದ ತೊಂಬತ್ತು ಜೋಡಿ ಕೇಳಿ ಮುಗಿಸಬೇಕು. ಶಬ್ದ ಬರುತ್ತದೋ ಇಲ್ಲವೋ ನೋಡಲು ಯಂತ್ರವೊಂದಿದೆ; ಬಂದರೆ ಹಸಿರು ದೀಪ, ಬಾರದಿದ್ದರೆ ಕೆಂಪು. ಬಂದ ಶಬ್ದ ಮನುಷ್ಯರು ಕೇಳುವಂತಿದೆಯೋ ಎಂಬುದು ಅದಕ್ಕೆ ತಿಳಿಯದು. ಆ ತೀರ್ಪು ಅಕ್ಕನದು. ಅವರ ಸಹಿಯ ಒಪ್ಪಿಗೆ ಚೀಟಿ ಇಲ್ಲದೆ ಒಂದು ಡಬ್ಬವೂ ಮೆಟ್ಟಿಲಿಳಿಯುವುದಿಲ್ಲ.

ಹತ್ತನೇ ತರಗತಿಗೆ ಓದು ಬಿಟ್ಟ ಅಕ್ಕ ಇಲ್ಲಿಗೆ ಬಂದದ್ದು ವೈರು ಸುತ್ತುವ ಕೆಲಸಕ್ಕೆ. ಒಂದು ದಿನ ಪಕ್ಕದ ಮೇಜಿನವರು ಪರೀಕ್ಷೆಗೆಂದು ಹಾಡು ಹಾಕಿದಾಗ, ಕೂತಲ್ಲಿಂದಲೇ "ಅದರ ಬಲಗಡೆದು ಒಡೆದಿದೆ ನೋಡಿ" ಎಂದರಂತೆ. ಬಿಚ್ಚಿ ನೋಡಿದರೆ ಒಳಗಿನ ತೆಳು ಹಾಳೆ ಕೂದಲೆಳೆಯಷ್ಟು ಸೀಳಿತ್ತು. ಮಾರನೇ ವಾರ ಸ್ಟೋರ್ ರೂಮು ಖಾಲಿಯಾಯಿತು, ಮಾಲೀಕರ ಮನೆಯಿಂದ ಹಳೇ ಹಾಸಿಗೆಗಳು ಬಂದವು.

ಕೂತು ಕೇಳುವ ಕೆಲಸ, ಏನು ಮಹಾ ಕಷ್ಟ ಎಂದುಕೊಳ್ಳುವವರು ಅಕ್ಕನ ಕಿವಿಯ ಒಳಗನ್ನು ನೋಡಬೇಕು. ರಬ್ಬರ್ ಉಜ್ಜಿ ಉಜ್ಜಿ ಚರ್ಮ ಕೆಂಪಗಾಗಿದೆ, ಬೇಸಿಗೆಯಲ್ಲಿ ತುರಿಕೆ ಪ್ರಾಣ ಹಿಂಡುತ್ತದೆ. ಶೀತವಾದರೆ ಕಿವಿ ಕಟ್ಟುತ್ತದೆ, ಕಟ್ಟಿದರೆ ಕೆಲಸ ನಿಲ್ಲುತ್ತದೆ; ಹಾಗಾಗಿ ಬಿರುಬಿಸಿಲಲ್ಲೂ ತಣ್ಣೀರು ಮುಟ್ಟುವುದಿಲ್ಲ. ಮದುವೆಮನೆಯ ಧ್ವನಿವರ್ಧಕ ಕಂಡರೆ ಮಾರು ದೂರ. ಗಂಡ ಬಸ್ ಡ್ರೈವರು. "ಇಪ್ಪತ್ತು ವರ್ಷದಿಂದ ಬಸ್ ಓಡಿಸ್ತಿದೀನಿ, ಕಟ್ಕೊಂಡವಳು ಮಾತ್ರ ನನ್ನ ಬಸ್ ಹತ್ತಲ್ಲ. ಇಂಜಿನ್ ಸದ್ದು ಆಗಲ್ವಂತೆ. ಹೋಗಿ ಹೋಗಿ ಬೇರೆಯವನ ಬಸ್ಸಲ್ಲಿ ಹಿಂದಿನ ಸೀಟಲ್ಲಿ ಕೂರ್ತಾಳೆ," ಎಂದು ಅವರು ಸಿಕ್ಕವರ ಮುಂದೆಲ್ಲ ದೂರುತ್ತಾರೆ.

ಹೊಸ ಆಕಾರದ ಮಾಲು ಬಂದರೆ ಕೆಲಸ ಮನೆಯವರೆಗೂ ಬೆನ್ನಟ್ಟುತ್ತದೆ. ಕಿವಿಗೆ ಹಿತವೋ ಇಲ್ಲವೋ ಕುರ್ಚಿಯಲ್ಲಿ ಕೂತರೆ ಗೊತ್ತಾಗುವುದಿಲ್ಲ. ಅದನ್ನು ಹಾಕಿಕೊಂಡೇ ಪಾತ್ರೆ ತೊಳೆಯುತ್ತಾರೆ, ಊಟ ಮಾಡುತ್ತಾರೆ, ಮಗ್ಗುಲಾಗಿ ಮಲಗಿ ಹೊರಳುತ್ತಾರೆ, ಬೇಕೆಂದೇ ಆಕಳಿಸುತ್ತಾರೆ. ಕಾಲೇಜಿಗೆ ಹೋಗುವ ಮಗಳ ಕಿವಿ ಚಿಕ್ಕದು, ಗಂಡನದು ಮೊರದಗಲ, ಇಬ್ಬರಿಗೂ ಬಿಡುವಿಲ್ಲ. "ಅರ್ಧ ಗಂಟೆ ಎಲ್ಲಾ ಇಯರ್‌ಫೋನೂ ಒಳ್ಳೇದೇ ಕಣ್ರೀ. ಎರಡನೇ ಗಂಟೆಗೆ ಅದರ ಬುದ್ಧಿ ತೋರ್ಸುತ್ತೆ. ಅಗಿಯುವಾಗ ದವಡೆ ಅಲ್ಲಾಡುತ್ತೆ, ಆಗ ಜಾರುತ್ತಾ ನೋಡ್ಬೇಕು. ವೈರು ಬಟ್ಟೆಗೆ ತಾಗಿ ಕಿವಿಯೊಳಗೆ ಬರಬರ ಅನ್ನುತ್ತಾ ನೋಡ್ಬೇಕು," ಎನ್ನುತ್ತಾರೆ ಅಕ್ಕ. ಇಷ್ಟು ಅಗ್ಗದ ಮಾಲಿಗೆ ಇಷ್ಟೆಲ್ಲ ಯಾಕೆ ಎಂದು ಕೇಳಿದರೆ ಅವರ ಮುಖ ಗಂಟಿಕ್ಕುತ್ತದೆ. "ದುಬಾರಿದು ತಗೊಳ್ಳೋರ ಹತ್ರ ಇನ್ನೊಂದು ಇರುತ್ತೆ. ಇದನ್ನ ತಗೊಳ್ಳೋರ ಹತ್ರ ಇದೊಂದೇ ಇರೋದು."

ಮೊದಲ ಒಂಬತ್ತು ವರ್ಷ ಅಕ್ಕ ಎಲ್ಲ ಜೋಡಿಯನ್ನೂ ಪರೀಕ್ಷಿಸಿದ್ದು ಒಂದೇ ಧ್ವನಿಮುದ್ರಣದಿಂದ. ನಲವತ್ತು ಸೆಕೆಂಡಿನ ಆ ಮುದ್ರಣ ಅವರ ಮನೆಯ ಅಡುಗೆಮನೆಯದೇ. ನಲ್ಲಿ ತೊಟ್ಟಿಕ್ಕುತ್ತದೆ, ಬಕೆಟ್ ಎಳೆದ ಸದ್ದು ಬರುತ್ತದೆ, ಸ್ಟೀಲ್ ಲೋಟ ಬಿದ್ದು ಠಣ್ಣನೆ ಉರುಳುತ್ತದೆ. ಇಷ್ಟರ ನಡುವೆ ಅಕ್ಕನ ಅತ್ತೆ ತಮ್ಮ ಮಗನನ್ನು ಬೈಯುತ್ತಾರೆ. "ನಲ್ಲಿ ಸೋರ್ತಿದೆ ಅಂತ ಹೇಳಿ ಹೇಳಿ ನನಗೆ ಬಾಯಿ ನೋವು ಬಂತು, ನಿನ್ನ ಕಿವಿಗೆ ಮಾತ್ರ ಬೀಳಲಿಲ್ಲ!" ಸಣ್ಣ ಸದ್ದು, ದಪ್ಪ ಸದ್ದು, ಮನುಷ್ಯರ ದನಿ ಮೂರೂ ಒಂದರಲ್ಲೇ ಸಿಕ್ಕಿದ್ದರಿಂದ ಅದನ್ನೇ ಇಟ್ಟುಕೊಂಡರು. ನಲ್ಲಿ ಎಂದೋ ರಿಪೇರಿಯಾಯಿತು, ಬೈಗುಳ ಉಳಿಯಿತು. ದಿನಕ್ಕೆ ತೊಂಬತ್ತು ಸಲದಂತೆ ಎರಡು ಲಕ್ಷಕ್ಕೂ ಹೆಚ್ಚು ಸಲ ಅಕ್ಕ ಅತ್ತೆಯ ಬೈಗುಳ ಕೇಳಿದ್ದಾರೆ. "ಮನೇಲಿ ಮಗನಿಗೆ ಬೈದರೂ ಕಾರ್ಖಾನೇಲಿ ಸೊಸೆ ಕೇಳಿಸ್ಕೊಳ್ತಾಳೆ, ಇಂಥ ಸುಖ ಯಾವ ಅತ್ತೆಗಿದೆ ಹೇಳಿ," ಎಂದು ಎಪ್ಪತ್ತೊಂದರ ಆ ಅಜ್ಜಿ ಬೊಚ್ಚು ಬಾಯಿ ತುಂಬ ನಗುತ್ತಾರೆ.

ಎಡವಟ್ಟಾದದ್ದೂ ಅಲ್ಲೇ. ಹೋದ ವರ್ಷ ಇಯರ್‌ಫೋನಿನ ಬಾಯಿಗೆ ಅಂಟಿಸುವ ಜಾಲರಿ ಬದಲಾಯಿತು. ಹೊಸದು ಒಂಚೂರು ದಟ್ಟ. ಅಕ್ಕ ಎಂದಿನಂತೆ ಕೇಳಿದರು, ಎಲ್ಲ ಸರಿಯಿದೆ ಎನಿಸಿತು, ಸಹಿ ಹಾಕಿದರು. ಮಾಲು ಹೋದ ಮೂರು ವಾರಕ್ಕೆ ಆಫೀಸಿಗೊಂದು ಫೋನ್ ಬಂತು. ಕಣ್ಣು ಕಾಣದ ಹೆಂಗಸೊಬ್ಬರು, ಪಾಠಗಳನ್ನು ಮೊಬೈಲಿನಲ್ಲಿ ಕೇಳಿಸಿಕೊಂಡೇ ಪರೀಕ್ಷೆಗೆ ತಯಾರಾಗುತ್ತಿದ್ದವರು. ಫೋನನ್ನು ಅಕ್ಕನ ಕೈಗೇ ಕೊಟ್ಟರು. "ಡಬ್ಬದ ಮೇಲೆ 'ಕೇಳಿ ಒಪ್ಪಿದ್ದು' ಅಂತ ಅಚ್ಚು ಹಾಕಿದೀರಂತೆ, ನನ್ನ ತಂಗಿ ಓದಿ ಹೇಳಿದಳು. ಯಾರಮ್ಮ ಕೇಳಿದ್ದು? ಬಾಯಿಗೆ ಬಟ್ಟೆ ತುರುಕಿಕೊಂಡು ಪಾಠ ಮಾಡಿದ ಹಾಗಿದೆ. ಒಂದೊಂದು ಸಾಲನ್ನೂ ನಾಲ್ಕು ನಾಲ್ಕು ಸಲ ತಿರುಗಿಸ್ತೀನಿ, ತಲೆ ಸಿಡಿಯುತ್ತೆ."

ಅಕ್ಕ ಅದೇ ಮಾಲಿನ ಜೋಡಿಯೊಂದನ್ನು ಮನೆಗೆ ತಂದು ಮತ್ತೆ ಅತ್ತೆಯ ಮುದ್ರಣ ಕೇಳಿದರು. ಒಂದೊಂದು ಮಾತೂ ಸ್ಪಷ್ಟವಾಗಿ ಕೇಳಿಸಿತು. ಮಗಳ ಕಿವಿಗೆ ಕೊಟ್ಟರೆ "ಏನಮ್ಮ ಇದು, ಅಜ್ಜಿ ನೀರೊಳಗೆ ಕೂತು ಬೈತಿದಾರಾ?" ಎಂದಳು. ಅಕ್ಕ ಮಗಳನ್ನೇ ಪಕ್ಕದ ಕೋಣೆಗೆ ಕಳಿಸಿ, ಮನಸ್ಸಿಗೆ ಬಂದದ್ದನ್ನು ಮಾತಾಡಿ ಮುದ್ರಿಸಿಕೊಂಡು ಬಾ ಎಂದರು. ಆ ಹೊಸ ಮಾತನ್ನು ಹಾಕಿದರೆ ಅರ್ಧಕ್ಕರ್ಧ ಮಣ್ಣುಪಾಲು. ಅತ್ತೆಯ ಮಾತಿನ ಒಂದೊಂದು ಉಸಿರೂ ಬಾಯಿಪಾಠವಾಗಿದ್ದರಿಂದ, ಇಯರ್‌ಫೋನು ನುಂಗಿದ್ದನ್ನೆಲ್ಲ ಅಕ್ಕನ ತಲೆಯೇ ತುಂಬಿಕೊಡುತ್ತಿತ್ತು. "ನನ್ನ ಕಿವಿ ಕೇಳ್ತಾನೇ ಇರಲಿಲ್ಲ. ಗೊತ್ತಿರೋದನ್ನೇ ಮತ್ತೆ ನೆನಪು ಮಾಡ್ಕೊಂಡು ಸಹಿ ಹಾಕ್ತಿದ್ದೆ. ಆವತ್ತು ರಾತ್ರಿ ಅನ್ನ ಇಳೀಲಿಲ್ಲ," ಎನ್ನುವಾಗ ಅಕ್ಕನ ದನಿ ಈಗಲೂ ಕುಗ್ಗುತ್ತದೆ.

ಮರುದಿನ ಬೆಳಿಗ್ಗೆ ಗೇಟಿನಲ್ಲಿ ಲಾರಿ ನಿಂತಿತ್ತು. ಅದೇ ಜಾಲರಿಯ ಎಂಟು ಸಾವಿರ ಜೋಡಿ, ಅವಕ್ಕೂ ಅಕ್ಕನದೇ ಸಹಿ. ಸುಮ್ಮನಿದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅಕ್ಕ ನೆಟ್ಟಗೆ ಮಾಲೀಕರ ಮುಂದೆ ಹೋಗಿ ನಿಂತರು.

"ಸಾರ್, ಲಾರಿ ನಿಲ್ಸಿ. ನನ್ನ ಚೀಟಿ ವಾಪಸ್ ಕೊಡಿ."

"ಏನಮ್ಮಾ, ಬೆಳಬೆಳಗ್ಗೇನೇ ತಮಾಷೆ?"

"ನಾನು ತಪ್ಪು ಮಾಡಿದೀನಿ ಸಾರ್. ಇದು ಸರಿಯಾಗಿ ಕೇಳಿಸಲ್ಲ."

ಮಾಲೀಕರ ಪಿತ್ತ ನೆತ್ತಿಗೇರಿತು. "ಒಂಬತ್ತು ವರ್ಷ ನಿನ್ನ ಕಿವಿ ನಂಬ್ಕೊಂಡು ಬಂದೆ. ಈಗ ನೀನೇ ಬಂದು ನಂಬಬೇಡಿ ಅಂತೀಯ. ಹಾಗಾದ್ರೆ ಆ ಕುರ್ಚಿ ಯಾಕೆ, ಆ ಕೋಣೆ ಯಾಕೆ? ಹಸಿರು ದೀಪನೇ ಸಾಕಲ್ಲ ನಂಗೆ!"

ಅವರು ಅಷ್ಟಕ್ಕೇ ಬಿಡಲಿಲ್ಲ. ತಾವೇ ಪರೀಕ್ಷಿಸಲೆಂದು ಮೊಬೈಲಿಗೆ "ಈ ಲಾರಿ ಮಧ್ಯಾಹ್ನದೊಳಗೆ ಹೋಗದಿದ್ರೆ ಒಬ್ಬರನ್ನೂ ಬಿಡಲ್ಲ" ಎಂದು ಗುಡುಗಿ ಅದನ್ನು ಮುದ್ರಿಸಿಕೊಂಡು, ಡಬ್ಬದಿಂದ ಒಂದು ಜೋಡಿ ತೆಗೆದು ಹಾಕಿಕೊಂಡು ಕೇಳಿದರು. "ನೋಡು, ಎಷ್ಟು ಸ್ಪಷ್ಟವಾಗಿದೆ! ಒಂದಕ್ಷರ ಬಿಟ್ಟಿಲ್ಲ."

"ನೀವೇ ಆಡಿದ ಮಾತು ಸಾರ್, ನಿಮಗೆ ಕೇಳಿಸದೆ ಇರುತ್ತಾ?" ಎಂದ ಅಕ್ಕ ಲಾರಿ ಡ್ರೈವರನ್ನು ಕರೆದರು. "ಡ್ರೈವರಣ್ಣ, ಆ ಕಡೆ ಹೋಗಿ ಈ ಮೊಬೈಲಲ್ಲಿ ಏನಾದ್ರೂ ನಾಲ್ಕು ಮಾತಾಡ್ಕೊಂಡು ಬನ್ನಿ. ನಮಗೆ ಕೇಳಿಸಬಾರದು."

ಡ್ರೈವರು ಮಾತಾಡಿಕೊಂಡು ಬಂದ. ಮಾಲೀಕರು ಕೇಳಿದರು. ಇನ್ನೊಮ್ಮೆ ಕೇಳಿದರು. ಗುಂಡಿಯನ್ನು ಕಿವಿಯೊಳಕ್ಕೆ ಒತ್ತಿ ಹಿಡಿದು ಮೂರನೇ ಸಲ ಕೇಳಿದರು. ಕೊನೆಗೆ ಸೋತು "ಏನಯ್ಯಾ ಹೇಳಿದೀಯ ಇದರಲ್ಲಿ?" ಎಂದರು.

ಡ್ರೈವರು ತಲೆ ಕೆರೆದುಕೊಂಡ. "ಬಿಡಿ ಸಾರ್. ಎರಡು ಗಂಟೆಯಿಂದ ನಿಲ್ಸಿ ಒಂದು ಲೋಟ ಟೀ ಕೂಡ ಕೊಡಲಿಲ್ಲ ಅಂತ ಏನೋ ಅಂದಿದ್ದೆ. ಕೇಳಿಸದಿದ್ದದ್ದೇ ಒಳ್ಳೇದಾಯ್ತು."

ಲಾರಿ ಖಾಲಿ ಹೋಯಿತು. ಡ್ರೈವರಿಗೆ ಟೀ ಸಿಕ್ಕಿತು. ಎಂಟು ಸಾವಿರ ಜೋಡಿ ಬಿಚ್ಚಿ ಜಾಲರಿ ಬದಲಿಸಲು ಎಲ್ಲರಿಗೂ ಹನ್ನೊಂದು ದಿನ ಹಿಡಿಯಿತು. ಪ್ಯಾಕಿಂಗ್ ನೋಡಿಕೊಳ್ಳುವ ಹಿರಿಯರು, ಅಕ್ಕನ ಬಾಯಲ್ಲಿ 'ಅಣ್ಣ' ಆಗಿದ್ದವರು, ಅಷ್ಟು ದಿನವೂ ಅಕ್ಕನ ಮುಖ ನೋಡಲಿಲ್ಲ. ಮಾಲೀಕರು ಕುರ್ಚಿ ಕಿತ್ತುಕೊಳ್ಳಲಿಲ್ಲ, ಆದರೆ ಮಾತು ಕಡ್ಡಿ ಮುರಿದಂತೆ ಆಡಿದರು: ಇಂಥ ದೂರು ಇನ್ನೊಂದು ಬಂದರೆ ಆ ಕೋಣೆಗೆ ಬೀಗ, ಅಕ್ಕ ವಾಪಸ್ ವೈರು ಸುತ್ತುವ ಮೇಜಿಗೆ.

ಅಂದಿನಿಂದ ಅತ್ತೆಯ ಬೈಗುಳಕ್ಕೆ ನಿವೃತ್ತಿ. ಈಗ ಒಂದು ಜೋಡಿಗೆ ಒಂದು ಮಾತು, ಅದೂ ಅಕ್ಕ ಎಂದೂ ಕೇಳಿರದ ಮಾತು. ಕೇಳಿದ್ದನ್ನು ಕೇಳಿದ ಹಾಗೇ ಚೀಟಿಯಲ್ಲಿ ಬರೆಯುತ್ತಾರೆ. ಬರೆದ ಕೂಡಲೇ ಆ ಮಾತನ್ನು ಮೊಬೈಲಿನಿಂದ ಅಳಿಸಿಬಿಡುತ್ತಾರೆ. ಎರಡನೇ ಸಲ ಕೇಳುವ ಪದ್ಧತಿ ಇಲ್ಲ. ದಿನಕ್ಕೆ ತೊಂಬತ್ತು ಹೊಸ ಮಾತು ಹೊಂದಿಸುವ ಕೆಲಸ ಯಾರು ಮಾಡುತ್ತಾರೆ ಎಂದಾಗ ಮುನಿಸು ಇಳಿದಿದ್ದ ಪ್ಯಾಕಿಂಗ್ ಅಣ್ಣನೇ ಮುಂದೆ ಬಂದರು. ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಕ್ಷೌರದ ಅಂಗಡಿ, ಔಷಧಿ ಅಂಗಡಿ, ಬಸ್ಸು, ಸಿಕ್ಕಸಿಕ್ಕವರ ಮುಂದೆ ಮೊಬೈಲು ಹಿಡಿಯುತ್ತಾರೆ. "ಊರವರ ಗುಟ್ಟೆಲ್ಲ ಅಕ್ಕನ ಚೀಟೀಲಿದೆ. ಒಂದಿನ ಹೊರಗೆ ಬಂದ್ರೆ ನಾವಿಬ್ಬರೂ ಊರು ಬಿಡ್ಬೇಕು," ಎಂದು ಈಗ ನಗುತ್ತಾರೆ.

ಕಳೆದ ತಿಂಗಳು ಒಂದು ಬೆಳಿಗ್ಗೆ. ಮೂವತ್ತೊಂದನೇ ಜೋಡಿ ಹಾಕಿಕೊಂಡ ಅಕ್ಕ ಗಕ್ಕನೆ ಪೆನ್ಸಿಲ್ಲು ತಡೆದರು. "ನಾನು ಆವತ್ತು ಫೋನಲ್ಲಿ ಬೈದವಳು" ಎನ್ನುತ್ತಿತ್ತು ದನಿ. ಆಫೀಸಿನ ಮೊಬೈಲಿಗೆ ಆ ಹೆಂಗಸು ಮುದ್ರಿಸಿ ಕಳಿಸಿದ್ದ ಮಾತನ್ನು ಅಣ್ಣ ಆರು ತುಂಡು ಮಾಡಿ, ಯಾರಿಗೂ ಹೇಳದೆ ಆ ದಿನದ ಮಾತುಗಳ ನಡುವೆ ಸೇರಿಸಿದ್ದರು. ಇದು ಎರಡನೇ ದೂರಾದರೆ ಕುರ್ಚಿಯ ಕಥೆ ಮುಗಿಯಿತು. ಆದರೂ ಅಕ್ಕ ಬರೆದರು, ಅಳಿಸಿದರು, ಜೋಡಿ ಬದಲಿಸಿದರು. "ನೀವು ಕಳಿಸಿದ ಬದಲಿ ಬಂತು." ಬರೆದರು, ಬದಲಿಸಿದರು. "ಒಂದೇ ಸಮ ಮೂರು ಗಂಟೆ ಹಾಕ್ಕೊಂಡೆ." ಬರೆದರು, ಬದಲಿಸಿದರು. "ಕಿವಿಲಿ ಏನೋ ಇದೆ ಅನ್ನೋದೇ ಮರ್ತೋಗಿತ್ತು." ಅಕ್ಕ ಸೆರಗಲ್ಲಿ ಕಣ್ಣೊರೆಸಿಕೊಂಡು ಐದನೆಯದನ್ನು ಹಾಕಿಕೊಂಡರು. "ಪರೀಕ್ಷೆ ಬರೆದೆ, ಅದರಲ್ಲಿ..." ಎನ್ನುವಷ್ಟರಲ್ಲಿ ಎಡಗಡೆ ಗರಗರ ಶುರುವಾಗಿ ಮಾತು ಮುಳುಗಿಹೋಯಿತು. ಆರನೆಯದರಲ್ಲಿ ಬರೀ "ಬರ್ತೀನಿ ಅಮ್ಮ" ಎಂದಿತ್ತು.

ಆ ದಿನದ ಚೀಟಿ ಈಗಲೂ ಕಡತದಲ್ಲಿದೆ. ಮೂವತ್ತೈದನೇ ಸಾಲಿನ ಮುಂದೆ ಅರ್ಧ ವಾಕ್ಯ, ಪಕ್ಕದಲ್ಲಿ 'ಎಡ, ಗರಗರ, ಬೇಡ' ಎಂದು ಅಕ್ಕನ ಅಕ್ಷರ. ಮಾಲೀಕರು ಅದನ್ನು ಎರಡು ಸಲ ಓದಿ, ಇನ್ನು ಕುರ್ಚಿಯ ಮಾತು ಎತ್ತುವುದಿಲ್ಲ ಎಂದು ಹೇಳಿ ಹೋದರಂತೆ.

ಪರೀಕ್ಷೆ ಏನಾಯಿತೆಂದು ಅಕ್ಕ ಆ ಕ್ಷಣ ತಿಳಿದುಕೊಳ್ಳಲಿಲ್ಲ. "ಇನ್ನೂ ಐವತ್ತನಾಲ್ಕು ಜೋಡಿ ಬಾಕಿ ಇತ್ತಲ್ಲ. ಎಲ್ಲ ಮುಗಿಸಿ, ಆಮೇಲೆ ನಾನೇ ಫೋನ್ ಮಾಡಿದೆ. ಪಾಸಾಗಲಿಲ್ವಂತೆ ಕಣ್ರೀ. ನಮ್ಮ ಮಾಲಿಂದಾನಾ ಅಂತ ಕೇಳ್ದೆ. ಅವರೇ ಸಮಾಧಾನ ಮಾಡಿದ್ರು. 'ಪಾಠದ ಒಂದೊಂದು ಮಾತೂ ಕಿವಿಗೆ ಬಿತ್ತಮ್ಮ, ತಲೆಗೆ ಹತ್ತಲಿಲ್ಲ ಅಷ್ಟೆ. ಅದು ನನ್ನ ಪಾಡು, ನಿಮ್ಮ ತಪ್ಪಿಲ್ಲ' ಅಂದ್ರು. ಪರೀಕ್ಷೆಗೆ ಮತ್ತೆ ಕಟ್ಟಿದಾರೆ. ಇನ್ನೊಂದು ಜೋಡಿ ಕಳಿಸ್ತೀನಿ, ನಾನೇ ಕೇಳಿ ಕಳಿಸ್ತೀನಿ ಅಂದಿದೀನಿ. ಕಿವಿವರೆಗಿನ ಕೆಲಸ ನಂದು, ಅದರಲ್ಲಿ ಕಮ್ಮಿ ಮಾಡಲ್ಲ."