ಎದುರಿನವರ ಪಾಲಿಸಿ

ನನ್ನ ಸೋದರತ್ತೆ ಟೈರ್ ಅಂಗಡಿಯ ಮೇಲಿನ ಪುಟ್ಟ ಕೋಣೆಯಲ್ಲಿ ಕಾರುಗಳಿಗೆ ವಿಮೆ ಮಾಡಿಸುತ್ತಿದ್ದರು. "ಕಾನೂನು ಕೇಳೋದು ಎದುರಿನವರಿಗೆ ಆಗೋ ನಷ್ಟದ ವಿಮೆ ಮಾತ್ರ. ನಿಮ್ಮ ಕಾರಿಗೂ ಬೇಕಂದ್ರೆ ದೊಡ್ಡ ಪಾಲಿಸಿ," ಎಂದು ಬಂದವರಿಗೆಲ್ಲ ಬಿಡಿಸಿ ಹೇಳುತ್ತಿದ್ದರು.

"ನಾನು ಇರುವೆಗೂ ದಾರಿ ಬಿಟ್ಟು ಓಡಿಸೋನು ಅಕ್ಕಾ," ಎಂದು ಅದೇ ಬೀದಿಯ ಬೇಕರಿಯವರು ಕಡ್ಡಾಯದ್ದನ್ನಷ್ಟೇ ಮಾಡಿಸಿಕೊಂಡರು. ಒಂದು ಬೆಳಗ್ಗೆ ತಿರುವಿನಲ್ಲಿ ಅವರ ಕಾರು ಟೈಲರ್ ಒಬ್ಬರಿಗೆ ಗುದ್ದಿ ಕಂಬಕ್ಕೆ ಬಡಿಯಿತು. ಟೈಲರ್ ಕಾಲು ಮುರಿಯಿತು, ಕಾರಿನ ಮೂತಿ ಅಪ್ಪಚ್ಚಿಯಾಯಿತು.

ಸುದ್ದಿ ತಿಳಿದ ಅತ್ತೆ ನೆಟ್ಟಗೆ ಆಸ್ಪತ್ರೆಗೆ ಹೋದರು. ದಿಕ್ಕು ತೋಚದೆ ಕುಳಿತಿದ್ದ ಟೈಲರ್ ಹೆಂಡತಿಯ ಪಕ್ಕ ಕೂತು, ಪರಿಹಾರ ಕೇಳುವುದು ಹೇಗೆಂದು ನಿಧಾನವಾಗಿ ತಿಳಿಸಿದರು. ಅಲ್ಲೇ ಇದ್ದ ಬೇಕರಿಯವರಿಗೆ ಸಿಟ್ಟು ಬಂತು.

"ನೀವು ನನ್ನ ಏಜೆಂಟೋ, ಇವರ ಏಜೆಂಟೋ?"

"ನಿಮ್ಮ ಕಾರಿನ ರಿಪೇರಿ ಇದ್ರಲ್ಲಿ ಬರಲ್ಲ ಅಂತ ಆವತ್ತೇ ಹೇಳಿದ್ದೆ," ಎಂದರು ಅತ್ತೆ. "ಈ ಪಾಲಿಸಿ ಇರೋದೇ ಇವರ ಯಜಮಾನರಂಥವರಿಗೆ. ಅದಿಲ್ದಿದ್ರೆ ಎಲ್ಲಾ ನಿಮ್ಮ ತಲೆ ಮೇಲೇ ಬೀಳ್ತಿತ್ತು."

ಬೇಕರಿಯವರು ಹೋಗಿ ಟೈಲರ್ ಹೆಂಡತಿಗೆ ನೀರು ತಂದುಕೊಟ್ಟರು. ತಡವಾದರೂ ಪರಿಹಾರ ಬಂತು, ಟೈಲರ್ ಮತ್ತೆ ಹೊಲಿಗೆ ಯಂತ್ರ ತುಳಿದರು. ಬೇಕರಿಯವರು ಮುಂದಿನ ವರ್ಷ ದೊಡ್ಡ ಪಾಲಿಸಿಯನ್ನೇ ಮಾಡಿಸಿದರು, ಅದೂ ಅತ್ತೆಯ ಹತ್ತಿರವೇ.