ಟೊಂಕ ಹೋತು ಅಂದವರು ಯಾರು?

ಮೊದಲೇ ಹೇಳಿಬಿಡುತ್ತೇನೆ, ಇಂಥ ಕತೆ ಬೇರೆಯವರು ಹೇಳಿದ್ದರೆ ನಾನೇ ನಗುತ್ತಿದ್ದೆ. ನನ್ನದು ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ. ಇನ್ನೊಮ್ಮೆ ಮಾಡಿ ತೋರಿಸಲಾಗದ ತಪ್ಪನ್ನು ತಪ್ಪೇ ಅಲ್ಲ ಅಂತ ಬರೆದು ಕೈತೊಳೆದುಕೊಳ್ಳುವ ಜಾತಿ ನಮ್ಮದು.

ಹೈದರಾಬಾದಿಗೆ ಬಂದ ಹೊಸತರಲ್ಲಿ ನಾನೂ ಗುಲ್ಬರ್ಗಾದ ಮಲ್ಲಪ್ಪನೂ ಸನತ್‌ನಗರದಲ್ಲಿ ಒಂದೇ ಕೋಣೆಯಲ್ಲಿದ್ದೆವು. ನನ್ನ ಬಾಯಲ್ಲಿ ಅವನು ಮಲ್ಲ್ಯಾ. ಒಮ್ಮೆ ಕೋಠಿಯ ಫುಟ್‌ಪಾತಿನಿಂದ ಜಪಾನಿ ಕಾರ್ಟೂನ್ ಸಿನಿಮಾದ ಸಿಡಿ ತಂದ. ಮುಂದೆಂದೋ ಬರುವ ಕಾಲ, ಮುಗಿಲು ಮುಟ್ಟುವ ಕಟ್ಟಡಗಳು, ಅರ್ಧ ಮನುಷ್ಯ ಅರ್ಧ ಯಂತ್ರವಾದ ಜನ. ಮಾತು ಪೂರಾ ಜಪಾನಿ, ಕೆಳಗೆ ಇಂಗ್ಲಿಷ್ ಸಾಲೂ ಇಲ್ಲ. ಮಲ್ಲ್ಯಾ ಟಿವಿ ಪಕ್ಕ ಕೂತು ಎಲ್ಲ ಪಾತ್ರಗಳಿಗೂ ತಾನೇ ಗುಲ್ಬರ್ಗಾ ಕನ್ನಡದಲ್ಲಿ ಮಾತು ಕೊಟ್ಟ. ಯಂತ್ರದ ಮನುಷ್ಯ ನಲವತ್ತನೇ ಮಹಡಿಯಿಂದ ಬಿದ್ದು ಮೆಲ್ಲಗೆ ಏಳುವಾಗ, "ಯವ್ವಾ, ನನ್ನ ಟೊಂಕ ಹೋತು!" ಅಂದ ಮಲ್ಲ್ಯಾ. ನಕ್ಕು ನಕ್ಕು ನನ್ನ ಹೊಟ್ಟೆ ಹುಣ್ಣಾಯಿತು.

ಆರು ವರ್ಷದ ಮೇಲೆ ಮಲ್ಲ್ಯಾನಿಗೆ ಥೈರಾಯ್ಡ್ ಆಪರೇಷನ್ ಆಯಿತು. ಕೊರಳಿನ ಗಂಟು ಹೋಯಿತು, ಜೊತೆಗೆ ದನಿಯೂ ಹೋಯಿತು. ಬಾಯಿ ತೆರೆದರೆ ಬರೇ ಗಾಳಿ. ಬರಬಹುದು, ಬಾರದೆಯೂ ಇರಬಹುದು ಅಂದರು ಡಾಕ್ಟರು. ಅವನಿದ್ದದ್ದು ಕೊಂಡಾಪುರದ ಕಾಲ್ ಸೆಂಟರಿನಲ್ಲಿ, ಮಾತೇ ಅವನ ಅನ್ನ. ಅಂಥ ಮಾತುಗಾರ ಪಾಟಿಯ ಮೇಲೆ ಬರೆದು ನೀರು ಕೇಳಬೇಕಾಯಿತು.

ಒಂದು ಭಾನುವಾರ ಮಧ್ಯಾಹ್ನ ಅದೇ ಸಿನಿಮಾದ ಒಳ್ಳೆ ಡಿಸ್ಕು ಹುಡುಕಿ ಅವನ ಮನೆಗೆ ಒಯ್ದೆ. ಈ ಸಲ ಇಂಗ್ಲಿಷ್ ಸಾಲುಗಳಿದ್ದವು. ಆಗ ಅಷ್ಟು ಹೊಗಳಿದ್ದು ಈಗಲೂ ಹಿಡಿಸುತ್ತದೋ ನೋಡೋಣ ಅನ್ನುವುದು ನನ್ನ ನೆಪ. ಅವನ ಹೆಂಡತಿ ಶಾಂತಾ, "ಹಾಕ್ರಿ ಅಣ್ಣಾರ, ಹದಿನೈದು ದಿನಾತು ಇವ್ರು ನಕ್ಕೇ ಇಲ್ರಿ" ಅಂದಳು.

ಸಿನಿಮಾ ಒಂಚೂರೂ ಹಳತಾಗಿರಲಿಲ್ಲ. ಆದರೆ ಸಾಲು ಓದಿದರೆ ಕತೆಯೇ ಬೇರೆ! ಮಲ್ಲ್ಯಾ ಗಂಡ-ಹೆಂಡತಿ ಮಾಡಿದ್ದವರು ಅಣ್ಣ-ತಂಗಿ. ಅವನು ಪಾಟಿಯ ಮೇಲೆ "ನಂದೇ ಚಲೋ ಇತ್ತು" ಅಂತ ಬರೆದ. ಹೌದಪ್ಪಾ ಅಂದೆ.

ಆಮೇಲೆ ಯಂತ್ರದ ಮನುಷ್ಯ ಬಿದ್ದ. ಎದ್ದ.

"ಯವ್ವಾ, ನನ್ನ ಟೊಂಕ ಹೋತು!"

ಮಲ್ಲ್ಯಾನದೇ ದನಿ, ಟಿವಿಯ ಕಡೆಯಿಂದ. ತಿರುಗಿ ನೋಡಿದೆ. ಅವನ ಬಾಯಲ್ಲಿ ನೀರಿತ್ತು, ಲೋಟ ಇನ್ನೂ ತುಟಿಗೇ ಇತ್ತು. ಅಡುಗೆಮನೆಯಿಂದ ಶಾಂತಾ ಓಡಿ ಬಂದಳು. "ಮಾತಾಡಿದ್ರೇನ್ರಿ?" ಅವನು ಲೋಟ ಇಟ್ಟು ಪಾಟಿ ಎಳೆದುಕೊಂಡು ಬರೆದ: "ನಾ ಅಲ್ಲ."

ನನ್ನ ಕಸುಬು ಬಿಡಬೇಕಲ್ಲ! ಅದೇ ದೃಶ್ಯವನ್ನು ಹನ್ನೆರಡು ಸಲ ತಿರುಗಿಸಿ ಹಾಕಿದೆ. ಹನ್ನೆರಡು ಸಲವೂ ಬರೇ ಜಪಾನಿ.

ಮೂರು ವಾರದ ಮೇಲೆ ಆಫೀಸಿಗೆ ಫೋನ್ ಬಂತು. ಮಲ್ಲ್ಯಾನ ಒಡಕಲು ದನಿ: "ಯವ್ವಾ, ನನ್ನ ಟೊಂಕ ಹೋತು!" ಎಲ್ಲರೆದುರಿಗೇ ಅತ್ತುಬಿಟ್ಟೆ. ಸದ್ಯ, ಬಂತಲ್ಲ! ಇವತ್ತಿಗೂ ಅದನ್ನು ನೆನೆದರೆ ಎದೆ ಹಗುರಾಗುತ್ತದೆ.

ಆ ದನಿ ಹೇಗೆ ಬಂತೆಂದು ಡಾಕ್ಟರು ವಿವರಿಸಿದರು. ಭಾನುವಾರದ ದನಿ ಹೇಗೆ ಬಂತೆಂದು ನನಗೆ ಇನ್ನೂ ಗೊತ್ತಿಲ್ಲ, ತಪ್ಪೇ ಅಲ್ಲ ಅಂತ ಬರೆದು ಮುಚ್ಚಲೂ ಆಗಿಲ್ಲ. ಈಗಲೂ ವರ್ಷಕ್ಕೊಮ್ಮೆ ಆ ಸಿನಿಮಾ ಹಾಕುತ್ತೇವೆ, ಎಲ್ಲರಿಗೂ ಮಲ್ಲ್ಯಾನೇ ಮಾತು ಕೊಡುತ್ತಾನೆ. ಯಂತ್ರದ ಮನುಷ್ಯ ಬಿದ್ದು ಏಳುವಾಗ ಮಾತ್ರ ಸುಮ್ಮನಾಗುತ್ತಾನೆ. ಯಾಕಲೇ ಅಂತ ಒಮ್ಮೆ ಕೇಳಿದೆ.

"ಅಲ್ಲಿ ಹೇಳಾಂವ ಬ್ಯಾರೇನ ಅದಾನ, ಬಿಡು" ಅಂದ.