ಪಿಟೀಲು ಮಾವನ ಮಾಗಿ

ಪಿಟೀಲು ಮಾವ ನಮ್ಮ ಮನೆಯ ಹಿಂಬಾಗಿಲನ್ನು ಮೊಣಕೈಯಿಂದ ತಟ್ಟುತ್ತಿದ್ದರು. ಅದರ ಸದ್ದೇ ಬೇರೆ. ಕೊಟ್ಟಿಗೆಯ ಕರು ಬಂದು ಬಾಗಿಲಿಗೆ ಮೈ ಒರಗಿಸಿದ ಹಾಗೆ ಮೆತ್ತಗೆ ಕೇಳುತ್ತಿತ್ತು. ಅಗುಳಿ ತೆಗೆದರೆ, ಎರಡೂ ಕೈಗಳನ್ನು ಕಂಕುಳಲ್ಲಿ ಅವಿತಿಟ್ಟುಕೊಂಡು, ಕಿವಿ ಮುಚ್ಚುವಂತೆ ಮಫ್ಲರ್ ಸುತ್ತಿಕೊಂಡು, ಮೀಸೆಯ ಮೇಲೆ ಮಂಜಿನ ಹನಿ ಹೊತ್ತು ನಿಂತಿರುತ್ತಿದ್ದರು. ನಮಸ್ಕಾರ, ಕ್ಷೇಮಸಮಾಚಾರ ಯಾವುದೂ ಇಲ್ಲ.

"ಉರಿ ಹತ್ತೈತಾ ಕಣವ್ವ?" ಎಂದಷ್ಟೇ ಕೇಳುತ್ತಿದ್ದರು.

ಉರಿ ಎಂದರೆ ನಮ್ಮ ಬಚ್ಚಲುಮನೆಯ ಹಂಡೆಯ ಒಲೆ. ನಸುಕಿನಲ್ಲಿ ಎದ್ದು ತೆಂಗಿನ ಗರಿ, ಕರಟ ತುರುಕಿ ಹಂಡೆಗೆ ಉರಿ ಹಾಕುವುದು ನಮ್ಮತ್ತೆಯ ಕೆಲಸ. ಆ ಉರಿಯ ಮುಂದೆ ಮಾವ ಕುಕ್ಕರಗಾಲಲ್ಲಿ ಕೂತು, ಒಂದು ಮೊಳ ದೂರದಿಂದ ಅಂಗೈಗಳನ್ನು ಹಿಡಿದು, ಹಪ್ಪಳ ಸುಡುವವರಂತೆ ಒಮ್ಮೆ ಹೀಗೆ ಒಮ್ಮೆ ಹಾಗೆ ತಿರುಗಿಸುತ್ತಿದ್ದರು. ಹತ್ತಿರ ಹಿಡಿಯುವಂತಿಲ್ಲ. ಬೆರಳ ತುದಿ ಒಣಗಿದರೆ ತಂತಿಯ ಮೇಲೆ ಜಾರುವುದಿಲ್ಲವಂತೆ. ಬಿಸಿನೀರಿನಲ್ಲಿ ಅದ್ದುವಂತೆಯೂ ಇಲ್ಲ. ವರ್ಷಗಟ್ಟಲೆ ನುಡಿಸಿ ಗಟ್ಟಿಯಾದ ತುದಿ ಮೆತ್ತಗಾಗಿ ತಂತಿ ಕುಯ್ಯುತ್ತದಂತೆ. ಕೋಟಿನ ಜೇಬಿನಿಂದ ಒಂದು ಪುಟ್ಟ ಶೀಸೆಯೂ ಹೊರಗೆ ಬರುತ್ತಿತ್ತು. ಅದರಲ್ಲಿ ಬೆರಳಿಗೆ ಸವರಿಕೊಳ್ಳುವ ಕೊಬ್ಬರಿ ಎಣ್ಣೆ ಸುಣ್ಣದ ಹಾಗೆ ಬೆಳ್ಳಗೆ ಹೆಪ್ಪುಗಟ್ಟಿರುತ್ತಿತ್ತು. ಅದನ್ನೂ ಹಂಡೆಯ ಪಕ್ಕ ಇಟ್ಟು, ಎಣ್ಣೆ ಕರಗಿತೆಂದರೆ ಕೈಯೂ ಸರಿಹೋಯಿತು ಎಂದು ಲೆಕ್ಕ ಹಾಕುತ್ತಿದ್ದರು.

ಅವರ ಹೆಸರು ಸಿದ್ದೇಗೌಡ. ಹಿನಕಲ್ ನಮ್ಮತ್ತೆಯ ತವರು. ಅಲ್ಲಿಂದಾಚೆ ಹೊಲಗಳ ನಡುವೆ ಅವರ ಮನೆ. ಅತ್ತೆಯನ್ನು ಅವರು ಅಕ್ಕಯ್ಯ ಎನ್ನುತ್ತಿದ್ದರು, ಹಾಗಾಗಿ ನಮಗೆ ಮಾವ. ಚಿಕ್ಕಂದಿನಲ್ಲಿ ಅಗ್ರಹಾರದ ಪಿಟೀಲು ಮೇಷ್ಟ್ರ ಮನೆಗೆ ಹಾಲು ಹಾಕಲು ಹೋಗುತ್ತಿದ್ದವರು, ಹಾಲು ಹಾಕಿದ ಮೇಲೂ ಜಗುಲಿ ಬಿಟ್ಟು ಏಳುತ್ತಿರಲಿಲ್ಲವಂತೆ. ಮೇಷ್ಟ್ರು ಕೊನೆಗೆ ಬೇಸತ್ತು, "ಒಳಗೆ ಬಂದು ಕಲಿತುಕೋ ಮಾರಾಯ" ಎಂದರಂತೆ. ನಾನು ಮದುವೆಯಾಗಿ ಜಯಲಕ್ಷ್ಮಿಪುರಂಗೆ ಬರುವ ಹೊತ್ತಿಗೆ ಅವರು ಒಂಟಿಕೊಪ್ಪಲಿನ ಕಡೆಯ ರೇಡಿಯೋ ಸ್ಟೇಷನ್ನಿನಲ್ಲಿ ಬೆಳಗಿನ ಪಿಟೀಲು ನುಡಿಸುತ್ತಿದ್ದರು.

ಆಗ ಅದೆಲ್ಲ ನೇರವಾಗಿಯೇ ನಡೆಯುತ್ತಿತ್ತು. ಅಲ್ಲಿ ಅವರು ತಂತಿ ಒತ್ತಿದರೆ ಇಲ್ಲಿ ನಮ್ಮ ನಡುಮನೆಯಲ್ಲಿ ಕೇಳಬೇಕು. ಹೀಗಾಗಿ ಮಾವನ ಕೈ ಬೆಚ್ಚಗಿದೆಯೋ ಇಲ್ಲವೋ ಎಂಬುದು ಮಾಗಿಯಲ್ಲಿ ನಮ್ಮ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಪಕ್ಕದ ಮನೆಯವರು ಹಾಲಿನ ಪಾತ್ರೆ ಹಿಡಿದು ಬಂದು, "ಇವತ್ತು ನಿಮ್ಮ ಗೌಡ್ರಿಗೆ ಚಳಿ ಜಾಸ್ತಿ ಆಗಿರ್ಬೇಕು ಕಣ್ರೀ" ಎಂದು ಹೋಗುತ್ತಿದ್ದರು.

ಚಳಿಗೆ ಕಾರಣ ಅವರ ಮೋಟಾರ್ ಸೈಕಲ್ಲು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದು. ಊರವರ ಬಾಯಲ್ಲಿ ಪಟಪಟಿ. ಹುಣಸೂರು ರಸ್ತೆಯಲ್ಲಿ ಎರಡೂ ಬದಿ ಬಯಲು. ಪುಷ್ಯದ ಗಾಳಿ ತಡೆಯಲು ಒಂದು ಗೋಡೆಯೂ ಇಲ್ಲ. ಕತ್ತಿಗೆ ಮಫ್ಲರ್, ಎದೆಗೆ ಕೋಟು, ಕೋಟಿನೊಳಗೆ ಹಳೆಯ ಪೇಪರ್ ಎಲ್ಲ ಇತ್ತು. ಹ್ಯಾಂಡಲ್ ಹಿಡಿದ ಕೈಗೆ ಮಾತ್ರ ಏನೂ ಇಲ್ಲ. ನಮ್ಮ ಮನೆಗೆ ಬರುವ ಹೊತ್ತಿಗೆ ಎಡಗೈಯ ಉಂಗುರದ ಬೆರಳು ಮೇಣದಬತ್ತಿಯ ಹಾಗೆ ಬಿಳುಪೇರಿರುತ್ತಿತ್ತು. ಚಿವುಟಿದರೂ ತಿಳಿಯುತ್ತಿರಲಿಲ್ಲ.

"ಸೈಕಲ್ಲಿನಲ್ಲಿ ಬರಬಾರದೇ ಮಾವ?" ಎಂದು ನಮ್ಮ ಮನೆಯವರು ಒಮ್ಮೆ ಕೇಳಿದರು.

"ಹಾಲು ಕರ್ದು, ದನಕ್ಕೆ ಹುಲ್ಲಾಕಿ, ಒಂದ್ಸಲ ಸಾಧನೆ ಮಾಡಿ ಹೊರಡ್ಬೇಕು ಕಣಪ್ಪ. ಸೈಕಲ್ಲಾದ್ರೆ ಹೊತ್ತಾಗ್ಬುಡ್ತದೆ."

ಅತ್ತೆ ಒಲೆಗೆ ಕರಟ ಹಾಕುತ್ತ, "ಅದೆಲ್ಲ ಏನಿಲ್ಲ. ಆ ಪಟಪಟಿ ಮೇಲೆ ಕೂತ್ರೆ ಇವ್ನಿಗೆ ತಾನು ದಿವಾನ ಅಂತ" ಎಂದರು.

ಮಾವ ನಕ್ಕರು. "ದಿವಾನ್ರು ಬಚ್ಚಲಲ್ಲಿ ಕೈ ಕಾಯಿಸ್ಕತಾರಾ ಅಕ್ಕಯ್ಯ?"

ನಗುವುದಕ್ಕೆ ಆಗದ ಮಾತೂ ಒಂದಿತ್ತು. ಸ್ಟೇಷನ್ನಿನಲ್ಲಿ ಅವರದು ಆಗ ಖಾಯಂ ಕೆಲಸವಲ್ಲ. ಕರೆದಾಗ ಹೋಗಿ ನುಡಿಸುವುದು. ಆ ವರ್ಷ ಧನುರ್ಮಾಸ ಪೂರ್ತಿ ಬೆಳಗಿನ ಹೊತ್ತನ್ನು ಅವರಿಗೇ ಕೊಟ್ಟಿದ್ದರು. ಚೆನ್ನಾಗಿ ನಡೆಸಿದರೆ ಸಂಕ್ರಾಂತಿಯ ಹೊತ್ತಿಗೆ ಖಾಯಂ ಮಾಡುವ ಮಾತಾಗಿತ್ತು. ಇತ್ತ ಮನೆಯಲ್ಲಿ ಅವರ ಅಪ್ಪ, "ಸಂಕ್ರಾಂತಿಗೆ ಕೆಲ್ಸ ಗಟ್ಟಿಯಾಗ್ನಿಲ್ಲ ಅಂದ್ರೆ ಆ ಪಿಟೀಲ್ನ ಜಂತೆಗೆ ನೇತಾಕಿ ನೇಗಿಲು ಇಡ್ಕೊ" ಎಂದುಬಿಟ್ಟಿದ್ದರು. ಮುದುಕರು ಹೇಳಿದರೆ ಹೇಳಿದ್ದೇ. ಮಾವನಿಗೂ ಎದುರಾಡುವ ಸ್ವಭಾವವಿರಲಿಲ್ಲ.

ಧನುರ್ಮಾಸ ಹುಟ್ಟಿದ ಮೊದಲ ವಾರದಲ್ಲೇ ಒಂದು ದಿನ, ನಮ್ಮಲ್ಲಿ ಕಾಯಿಸಿದ್ದು ಸ್ಟೇಷನ್ ಮುಟ್ಟುವಷ್ಟರಲ್ಲಿ ಆರಿ, ಬೆರಳು ಕೈಕೊಟ್ಟಿತು. ರೇಡಿಯೋದಲ್ಲಿ ರಾಗ ಮೇಲಕ್ಕೆ ಹೋಗುತ್ತ ಹೋಗುತ್ತ ಕಿರ್ರೆಂದು ಕೆರೆದು ನಿಂತಿತು. ಮತ್ತೆ ಶುರುವಾದಾಗ ಎಲ್ಲ ಕೆಳಗಿನ ಸ್ವರಗಳೇ. ಆ ಬೆರಳಿಲ್ಲದೆ ಹೇಗೋ ಮುಗಿಸಿದರೆಂದು ನಮಗೂ ತಿಳಿಯಿತು. ಮರುದಿನ ಹಂಡೆಯ ಮುಂದೆ ಕೂತವರು ತಲೆ ಎತ್ತದೆ ಹೇಳಿದರು:

"ಸ್ಟೇಷನ್ ದೊಡ್ಡೋರು ಕರ್ದು ಹೇಳುದ್ರು ಕಣಕ್ಕಯ್ಯ. ಒಳ್ಳೆ ಮಾತಲ್ಲೇ ಹೇಳುದ್ರು. ಇನ್ನೊಂದ್ಸಲ ಇಂಗಾದ್ರೆ ಆ ಹೊತ್ತು ಬೇರೆಯೋರ್ಗೆ ಕೊಡಬೇಕಾಯ್ತದಂತೆ."

ಅಂದಿನಿಂದ ಮಾವನ ಕೈ ನಮ್ಮ ಮನೆಯ ಕೆಲಸವಾಯಿತು.

ಮೊದಲು ನಾನು ಮುಂದೆ ಬಂದೆ. ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಉಲ್ಲನ್ ಹೆಣೆಯುವುದನ್ನು ಚೆನ್ನಾಗಿ ಕಲಿಸಿದ್ದರು. ಅವರ ಊರಿನ ಚಳಿಗೆ ಹೆಣೆಯುವ ಕೈಗವಸಿನ ಮಾದರಿ ನನಗೆ ಬಾಯಿಪಾಠ. ಹೆಬ್ಬೆರಳಿಗೊಂದು ಗೂಡು, ಉಳಿದ ನಾಲ್ಕಕ್ಕೂ ಸೇರಿಸಿ ಒಂದೇ ಚೀಲ. ಕಡುನೀಲಿ ಉಲ್ಲನ್ನಿನಲ್ಲಿ, ಮಣಿಕಟ್ಟಿಗೆ ಬಿಳಿಯ ಅಂಚು ಕೊಟ್ಟು ಹೆಣೆದೆ. ಮಾವ ಹಾಕಿಕೊಂಡು ಎರಡೂ ಕೈಗಳನ್ನು ಮುಖದ ಮುಂದೆ ಹಿಡಿದು ನೋಡಿದರು.

"ಬಾಳ ಚಂದಾಗವೆ ಕಣವ್ವ. ಕರಡಿ ಮರಿ ಅಂಗೈ ಇದ್ದಂಗವೆ."

ಮರುದಿನ ಅವರು ಬಂದಾಗ ಕೋಟಿನ ಮೇಲೆಲ್ಲ ಹುಲ್ಲಿನ ಎಸಳು. ನಾಲ್ಕು ಬೆರಳೂ ಒಂದೇ ಚೀಲದಲ್ಲಿದ್ದರೆ ಕ್ಲಚ್ ಒತ್ತುವುದು ಹೇಗೆಂದು ನನಗೂ ಹೊಳೆದಿರಲಿಲ್ಲ, ಹಾಕಿಕೊಂಡ ಅವರಿಗೂ ಹೊಳೆದಿರಲಿಲ್ಲ. ಹಿನಕಲ್ ದಾಟುವಾಗ ಹುಲ್ಲಿನ ಗಾಡಿ ಅಡ್ಡ ಬಂದಿದೆ. ನಿಲ್ಲಿಸಲಾಗದೆ ಪಟಪಟಿಯ ಸಮೇತ ಹುಲ್ಲಿನೊಳಕ್ಕೇ ಹೋಗಿದ್ದಾರೆ. ಗಾಯವೇನೂ ಆಗಿರಲಿಲ್ಲ. ಹುಲ್ಲಿನೊಳಗೆ ಬಲು ಬೆಚ್ಚಗಿತ್ತು ಎಂದರು. ಬೆರಳು ಬೆರಳಿಗೂ ಬೇರೆ ಗೂಡು ಹೆಣೆದುಕೊಡುತ್ತೇನೆಂದೆ. ಅಷ್ಟರಲ್ಲಿ ಅತ್ತೆ ತಮ್ಮ ದಾರಿ ಹಿಡಿದಿದ್ದರು.

ಅತ್ತೆಯ ದಾರಿ ಗೆಣಸಿನದು. ಹಳೆಯ ಕಂಬಳಿ ಕತ್ತರಿಸಿ, ಹ್ಯಾಂಡಲ್ಲಿನ ಎರಡೂ ತುದಿಗೆ ತೋಳಿನಂಥ ಚೀಲ ಹೊಲಿದು ಕಟ್ಟಿಸಿದರು. ಬರಿಗೈಯನ್ನೇ ಅದರೊಳಗೆ ತೂರಿಸಿ ಹ್ಯಾಂಡಲ್ ಹಿಡಿಯಬಹುದು, ಕ್ಲಚ್ಚನ್ನೂ ಒತ್ತಬಹುದು. ಮಾವ ನಮ್ಮ ಮನೆಯಿಂದ ಹೊರಡುವಾಗ ಹಂಡೆಯೊಲೆಯ ಬೂದಿಯಲ್ಲಿ ಸುಟ್ಟ ಗೆಣಸನ್ನು ಒಂದೊಂದು ಚೀಲಕ್ಕೆ ಒಂದೊಂದರಂತೆ ಇಟ್ಟರು.

"ದಾರಿ ಪೂರ್ತಿ ಕೈ ಬೆಚ್ಚಗಿರ್ತದೆ. ಆಮೇಲೆ ತಿಂದ್ಕೊ. ಬೆಳಗಿಂದ ಹೊಟ್ಟೆಗೇನಾಕಿದ್ದೀಯ?"

ಆ ದಿನದ ಪಿಟೀಲನ್ನು ನಮ್ಮ ಬೀದಿಯವರು ಬಹುಕಾಲ ಮರೆಯಲಿಲ್ಲ. ಸ್ವರದಿಂದ ಸ್ವರಕ್ಕೆ ಹೋಗಬೇಕಾದ ಕಡೆ ಬೆರಳು ಅಲ್ಲಲ್ಲೇ ಅಂಟಿಕೊಂಡು, ಹಿಟ್ಟು ಕಲಸಿದ ಕೈಯಿಂದ ಬಾಗಿಲು ತೆಗೆದ ಹಾಗೆ ಕೇಳಿಸಿತು. ನಿಲ್ಲಲಿಲ್ಲ ಎಂಬುದೊಂದೇ ಪುಣ್ಯ. ಪಕ್ಕದ ಮನೆಯವರು ಅದು ಹೊಸ ರಾಗವೇ ಎಂದು ವಿಚಾರಿಸಿದರು.

"ಬಿಗಿಯಾಗಿ ಇಡ್ದೆ, ಪಚಕ್ ಅಂದ್ಬುಡ್ತು" ಎಂದು ಮಾವ ಮಾರನೆಯ ದಿನ ವಿವರಿಸಿದರು. "ತೊಳ್ಕೊಳಕ್ಕೆ ಹೊತ್ತಿರ್ನಿಲ್ಲ. ನೆಕ್ಕೊಂಡು ಒಳೀಕೆ ಹೋದೆ."

"ನಿಂಗೆ ಗೆಣಸಿನ ಸಿಪ್ಪೆ ಬಿಡ್ಸದು ಗೊತ್ತು, ಇಡ್ಕೊಳದು ಗೊತ್ತಿಲ್ಲ" ಎಂದು ಅತ್ತೆ ಗದರಿದರು. ಆದರೆ ಅವರ ಮುಖ ಸಣ್ಣಗಾಗಿತ್ತು. ತಮ್ಮ ಗೆಣಸಿನಿಂದ ತಮ್ಮನ ಕೆಲಸ ಹೋದರೆ ಎಂಬ ಹೆದರಿಕೆ ಅವರಿಗೆ ಆ ರಾತ್ರಿಯೆಲ್ಲ ಇತ್ತೆಂದು ನನಗೆ ಆಮೇಲೆ ಹೇಳಿದರು.

ಕೊನೆಗೆ ಹುರುಳಿ ನಮ್ಮನ್ನು ಕಾಪಾಡಿತು. ಬಾಣಲೆಯಲ್ಲಿ ಹುರಿದ ಹುರುಳಿಯನ್ನು ನಮ್ಮ ಮನೆಯವರ ಹಳೆಯ ಕಾಲುಚೀಲಗಳಿಗೆ ತುಂಬಿ, ಬಾಯಿ ಹೊಲಿದು, ಕಂಬಳಿಯ ಚೀಲದೊಳಗೆ ಇಟ್ಟೆವು. ಅದು ಹಿಚುಕುವುದಿಲ್ಲ, ಅಂಟುವುದಿಲ್ಲ, ಬೇಗ ಆರುವುದೂ ಇಲ್ಲ. ದಿನವೂ ಹೊಲಿಗೆ ಬಿಚ್ಚಿ, ಹುರುಳಿ ಬಿಸಿ ಮಾಡಿ, ಮತ್ತೆ ಹೊಲಿಯುವುದು ನನ್ನ ಪಾಲು. ಮಾವ ಹೊರಟ ಮೇಲೆ ನಾನು ನಡುಮನೆಗೆ ಓಡಿ ರೇಡಿಯೋ ಹಾಕುತ್ತಿದ್ದೆ. ಅದೂ ಒಳಗೆ ಬಿಸಿಯಾಗದೆ ಬಾಯಿ ಬಿಡುತ್ತಿರಲಿಲ್ಲ. ಅದರ ಹಸಿರು ದೀಪ ನಿಧಾನವಾಗಿ ಅರಳುವುದನ್ನು ನೋಡುತ್ತ, ಉಸಿರು ಹಿಡಿದು ಮೊದಲ ಸ್ವರಕ್ಕೆ ಕಾಯುತ್ತಿದ್ದೆ. ಅದು ನೆಟ್ಟಗೆ ಬಂತೆಂದರೆ, "ಬಂತು ಅತ್ತೆ" ಎಂದು ಕೂಗುತ್ತಿದ್ದೆ. ಬಚ್ಚಲಿನಿಂದ, "ಸರಿ, ಕಾಫಿಗಿಡು" ಎಂದು ಉತ್ತರ ಬರುತ್ತಿತ್ತು.

ಹೀಗೆ ಧನುರ್ಮಾಸದ ಕೊನೆಯ ಬೆಳಗು ಬಂತು. ಮಂಜು ಎಷ್ಟಿತ್ತೆಂದರೆ ನಮ್ಮ ಹಿತ್ತಲಿನ ನಲ್ಲಿಯೂ ಕಾಣುತ್ತಿರಲಿಲ್ಲ. ಹುರುಳಿ ಬಿಸಿಯಾಯಿತು, ಉರಿ ಹತ್ತಿತು. ಪಟಪಟಿಯ ಸದ್ದು ಮಾತ್ರ ಬರಲಿಲ್ಲ. ಅತ್ತೆ ಎರಡು ಸಲ ಬಾಗಿಲು ತೆರೆದು ನೋಡಿದರು. ನಮ್ಮ ಮನೆಯವರು ಮುಖಕ್ಕೆ ಸೋಪು ಹಚ್ಚಿಕೊಂಡೇ ಗೇಟಿನವರೆಗೆ ಹೋಗಿ ಬಂದರು.

"ಬೇರೆ ದಾರೀಲಿ ಹೋಗಿರಬಹುದು" ಎಂದರು.

"ಎಲ್ಲೈತೆ ಬೇರೆ ದಾರಿ?" ಎಂದರು ಅತ್ತೆ.

ಹುರುಳಿ ಆರುತ್ತ ಬಂತು. ನಾನು ಮತ್ತೆ ಬಾಣಲೆಗೆ ಹಾಕಿದೆ. ಹೊತ್ತಾದ ಮೇಲೆ ಬಂದರೂ ಉಪಯೋಗವಿಲ್ಲವೆಂದು ಗೊತ್ತಿದ್ದೂ ಕೈ ಸುಮ್ಮನಿರಲಿಲ್ಲ. ರೇಡಿಯೋ ಹಾಕಿದೆವು. ಅತ್ತೆ ಎಂದೂ ನಡುಮನೆಗೆ ಬಂದು ಕೇಳಿದವರಲ್ಲ, ಅಂದು ಮಸಿಗೈಯಲ್ಲೇ ಬಂದು ನಿಂತರು. ಹೆಣ್ಣುದನಿ ಕಾರ್ಯಕ್ರಮದ ಹೆಸರು ಹೇಳಿತು. ಮಾವನ ಹೆಸರು ಹೇಳಿತು. ಆಮೇಲೆ ತಂಬೂರಿ ಒಂದೇ. ಅದು ಸುತ್ತಿ ಸುತ್ತಿ ಬರುತ್ತಿತ್ತು. ಅತ್ತೆ ನನ್ನ ತೋಳು ಹಿಡಿದುಕೊಂಡರು. ಸೀರೆಗೆ ಮಸಿಯಾಗುವುದು ಇಬ್ಬರಿಗೂ ಕಾಣಿಸಲಿಲ್ಲ.

ಸ್ವರ ಬಂತು. ತುಂಬಿದ ಕೊಡದಿಂದ ನೀರು ಬಗ್ಗಿಸಿದ ಹಾಗೆ, ಒಂದು ಕಡೆಯೂ ತಡೆಯಿಲ್ಲದೆ ಬಂತು. ಮೇಲಕ್ಕೆ ಹೋಯಿತು. ಆ ಹಾಳು ಬೆರಳು ಬೇಕಾಗುವ ಜಾಗಕ್ಕೂ ಹೋಗಿ, ಅಲ್ಲೇ ಆಡಿಕೊಂಡು, ನಿಧಾನವಾಗಿ ಇಳಿಯಿತು. ಅತ್ತೆ ಗೋಡೆಗೊರಗಿ ನೆಲದ ಮೇಲೆ ಕೂತುಬಿಟ್ಟರು.

ಬಿಸಿಲೇರಿದ ಮೇಲೆ ಮಾವ ಪಟಪಟಿಯನ್ನು ತಳ್ಳಿಕೊಂಡು ಗೇಟಿನೊಳಗೆ ಬಂದರು. ಹಣೆಯ ತುಂಬ ಬೆವರು, ಮಫ್ಲರ್ ಸೊಂಟದಲ್ಲಿ.

"ಎಲ್ಲಿ ಸತ್ತಿದ್ಯೋ?" ಎಂದರು ಅತ್ತೆ.

"ಹಿನಕಲ್ ತಾವ ನಿಂತೋಯ್ತು ಕಣಕ್ಕಯ್ಯ. ಒದ್ದೆ, ಒದ್ದೆ, ಹತ್ನಿಲ್ಲ. ರಸ್ತೇಲಿ ಬುಟ್ಬಂದ್ರೆ ಯಾರಾದ್ರೂ ಹೊಡ್ಕೊಂಡೋದ್ರೆ? ಅಲ್ಲಿಂದ ಓಡುಸ್ಕೊಂಡೇ ತಳ್ದೆ. ನಿಮ್ಮನೆ ಮುಂದ್ಗಡೆನೇ ಹೋದೆ. ನಿಂತ್ರೆ ನೀನು ಬುಡ್ತಿರ್ನಿಲ್ಲ."

"ಕೈ?" ಎಂದೆ ನಾನು.

ಅವರು ಎರಡೂ ಅಂಗೈಗಳನ್ನು ಚಾಚಿದರು. ಉಂಗುರದ ಬೆರಳು ಕೂಡ ಕೆಂಪಗೆ, ರಕ್ತ ತುಂಬಿಕೊಂಡು, ಈಗಷ್ಟೇ ಮಲಗಿ ಎದ್ದ ಮಗುವಿನ ಕೆನ್ನೆಯ ಹಾಗಿತ್ತು.

"ಈ ಪಟಪಟೀನ ಓಡುಸ್ಬಾರ್ದು ಕಣವ್ವ, ತಳ್ಬೇಕು. ಒಂದು ತಿಂಗ್ಳು ನೀವಿಬ್ರೂ ಹುರುಳಿ ಹುರ್ದು ಹುರ್ದು ಸತ್ರಿ."

ನಮ್ಮ ಮನೆಯವರು ನಗಲು ಶುರುಮಾಡಿದರು. ಆಮೇಲೆ ನಾವೆಲ್ಲ ನಕ್ಕೆವು. ಅತ್ತೆ ಮಾತ್ರ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡು, ಹುರಿದ ಹುರುಳಿ ದಂಡವಾಗಬಾರದೆಂದು ಅದನ್ನೇ ಬಸ್ಸಾರಿಗೆ ಹಾಕಿದರು.

ಕೆಲಸ ಖಾಯಂ ಆಯಿತು. ಎತ್ತು ಕಿಚ್ಚು ಹಾಯಿಸುವ ಸಂಜೆ ಅವರ ಅಪ್ಪ ಊರವರ ಮುಂದೆ ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡರಂತೆ, ಅಷ್ಟೆ. ಬೇಸಿಗೆ ಬರುವಷ್ಟರಲ್ಲಿ ಮಾವ ಪಟಪಟಿಯನ್ನು ತಮ್ಮನಿಗೆ ಕೊಟ್ಟು, ಒಂಟಿಕೊಪ್ಪಲಿನಲ್ಲಿ ಒಂದು ಬಾಡಿಗೆ ಮನೆ ಹಿಡಿದರು. ಅಲ್ಲಿಂದ ಸ್ಟೇಷನ್ನಿಗೆ ನಾಲ್ಕು ಹೆಜ್ಜೆ. ನಮ್ಮ ಮನೆಗೆ ಹಬ್ಬಕ್ಕೋ ಹುಣ್ಣಿಮೆಗೋ ಬರುತ್ತಿದ್ದರು, ಮುಂಬಾಗಿಲಿನಿಂದ, ಮಡಿಸಿದ ಅಂಗವಸ್ತ್ರ ಹೊದ್ದು. ಕೆಲವು ವರ್ಷಗಳಾದ ಮೇಲೆ ಸ್ಟೇಷನ್ನು ಬೆಂಗಳೂರಿಗೆ ಹೋದಾಗ ಅವರೂ ಹೋದರು. ಹೊರಡುವ ಮುನ್ನ ಬಂದು ಅತ್ತೆಯ ಕಾಲು ಮುಟ್ಟಿದ್ದೇ ನಾನು ಅವರನ್ನು ಕಡೆಯ ಸಲ ನೋಡಿದ್ದು.

ಆದರೆ ನನಗೆ ಹೆಚ್ಚು ನೆನಪಿರುವುದು ಅವರು ಹಿನಕಲ್ ಬಿಟ್ಟ ಮುಂದಿನ ಮಾಗಿಯ ಒಂದು ಬೆಳಗು. ಅಭ್ಯಾಸಬಲದಿಂದ ರೇಡಿಯೋ ಹಾಕಿ, ಅಭ್ಯಾಸಬಲದಿಂದಲೇ ಉಸಿರು ಹಿಡಿದು ನಿಂತಿದ್ದೆ. ಸ್ವರ ನೆಟ್ಟಗೆ ಬಂತು. ಬಾರದೆ ಇರಲು ಕಾರಣವೇ ಇಲ್ಲವೆಂದು ಆಗ ಹೊಳೆಯಿತು. ಮನೆಯಿಂದ ನಡೆದು ಹೋಗಿ, ಬಿಸಿ ಕಾಫಿ ಕುಡಿದು ಕೂತಿರುತ್ತಾರೆ. ನಾನು ಉಸಿರು ಬಿಟ್ಟು ಕುರ್ಚಿಯಲ್ಲಿ ಕೂತೆ. ಅತ್ತೆಯೂ ಬಚ್ಚಲಿನಿಂದ ಬಂದು, ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. ಮುಗಿಯುವವರೆಗೂ ಇಬ್ಬರೂ ಅಲ್ಲೇ ಇದ್ದೆವು.

"ಅಲ್ಲ ಕಣವ್ವ," ಎಂದರು ಆಮೇಲೆ, "ಇವ್ನು ಯಾವಾಗ್ಲೂ ಇಷ್ಟು ಚಂದಾಗಿ ನುಡುಸ್ತಿದ್ನಾ?"

"ಗೊತ್ತಿಲ್ಲ ಅತ್ತೆ," ಎಂದೆ. "ನಾವು ಕೇಳಿದ್ದು ಇವತ್ತೇ."